ಲಂಟಾನ: ಕಡಿದರೆ ಚಿಗುರುತ್ತದೆ, ಬುಡಮೇಲು ಮಾಡಿದರೆ ಸಾಯುತ್ತದೆ

ಚೆಂದದ ಹೂವಿಗೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಗೆ ತಂದ ಲಂಟಾನ ಎಂಬ ಪೊದೆಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಜಿಂಕೆ, ಕಾಟಿಗಳ ಹುಲ್ಲು ಬೆಳೆಯಬೇಕಾದ ನೆಲವನ್ನು ನುಂಗಿ ಕೂತಿದೆ. ಕಾಡಂಚಿನ ಸ್ವಂತ ಜಮೀನಿನಲ್ಲಿ ಅದನ್ನು ತೆಗೆಯುವ ಕ್ರಮವಿದು. ಅರಣ್ಯದೊಳಗಾದರೆ ಇಲಾಖೆಯ ಅನುಮತಿ ಬೇಕು.

ಮಚ್ಚಿನಿಂದ ಕಾಂಡ ಕಡಿಯುವುದೇ ಎಲ್ಲರೂ ಮಾಡುವ ತಪ್ಪು. ಕಾಂಡ ಬೇರಿಗೆ ಕೂಡುವ ಗಂಟಿನಲ್ಲಿ ಮೊಗ್ಗುಗಳಿರುತ್ತವೆ. ಮೇಲೆ ಕಡಿದಷ್ಟೂ ಅಲ್ಲಿಂದ ಚಿಗುರು ಹೊಮ್ಮುತ್ತದೆ. ಬೆಂಕಿ ಇಟ್ಟರೂ ಅದೇ ಕಥೆ. ಜೆಸಿಬಿ ಬೇಗ ಮುಗಿಸುತ್ತದೆ ನಿಜ, ಆದರೆ ನೆಲ ಕೆದರಿ ಮಣ್ಣಿನಲ್ಲಿದ್ದ ಕಳೆಬೀಜಗಳನ್ನೆಲ್ಲ ಎಬ್ಬಿಸುತ್ತದೆ.

ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಮೀಸಲಿನಲ್ಲಿ ಬಳಸಿದ ವಿಧಾನಕ್ಕೆ ಗುದ್ದಲಿ ಸಾಕು. ಮೊದಲ ಮಳೆಗೆ ಮಣ್ಣು ಮೆತ್ತಗಾದಾಗ, ಕಾಯಿ ಹಣ್ಣಾಗುವ ಮೊದಲೇ ಶುರುಮಾಡಿ. ಒಬ್ಬರು ಪೊದೆಯನ್ನು ಕೋಲಿನಿಂದ ಒತ್ತಿ ಹಿಡಿಯಲಿ, ಇನ್ನೊಬ್ಬರು ಗಂಟಿಗಿಂತ ಕೆಳಗೆ, ನೆಲದಿಂದ 3–5 ಸೆಂ.ಮೀ. ಆಳದಲ್ಲಿ ತಾಯಿಬೇರನ್ನು ಕತ್ತರಿಸಲಿ. ಗಿಡವನ್ನು ಎತ್ತಿ ಬೇರು ಮೇಲಾಗುವಂತೆ ಮಗುಚಿ ಒಣಗಲು ಬಿಡಿ. ಹಸಿ ಮಣ್ಣಿಗೆ ಬುಡ ತಾಗಿದರೆ ಮತ್ತೆ ಬೇರು ಬಿಡಬಹುದು. ದನಗಳನ್ನು ಹತ್ತಿರ ಬಿಡಬೇಡಿ, ಎಲೆ ಯಕೃತ್ತಿಗೆ ವಿಷ. ಗಟ್ಟಿ ಕೋಲುಗಳನ್ನು ಬೇರೆ ಇಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ, ಮೇಜು ಮಾಡುತ್ತಾರೆ.

ತೆರವಾದ ನೆಲವನ್ನು ಖಾಲಿ ಬಿಟ್ಟರೆ ಯುಪಟೋರಿಯಂ, ಕಾಂಗ್ರೆಸ್ ಗಿಡದಂಥ ಬೇರೆ ಕಳೆಗಳು ನುಗ್ಗುತ್ತವೆ. ಆದ್ದರಿಂದ ಮೊದಲು ಹುಲ್ಲು, ಆಮೇಲೆ ಮರ. ಹಿಂದಿನ ಚಳಿಗಾಲದಲ್ಲೇ ಅಕ್ಕಪಕ್ಕದ ಬಯಲಿನಿಂದ ಆರಿಸಿಟ್ಟ ಕರಡದಂಥ ಸ್ಥಳೀಯ ಹುಲ್ಲಿನ ಬೀಜವನ್ನು ಆ ಮಳೆಗೇ ಎರಚಿ. ಸಸಿಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಮೇಲ್ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ. 5 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 160 ಸಸಿ ಹಿಡಿಯುತ್ತವೆ. ಅದಕ್ಕಿಂತ ಒತ್ತಾಗಿ ನೆಟ್ಟರೆ ಹುಲ್ಲಿಗೆ ಬಿಸಿಲು ಸಿಗದು, ತೋಪಾಗುತ್ತದೆಯೇ ಹೊರತು ಕಾಡಾಗುವುದಿಲ್ಲ. ನೆಲ್ಲಿ, ತಾರೆ, ಮತ್ತಿ, ದಿಂಡಿಗ, ಹೊನ್ನೆ ಬೆರೆಸಿ. ಅಲ್ಲಲ್ಲಿ ಒಂದು ಬಸರಿ ಇರಲಿ. ಪ್ಲಾಸ್ಟಿಕ್ ಚೀಲ ಸೀಳಿ ತೆಗೆದೇ ನೆಡಿ.

ಬೇಸರದ ಕೆಲಸ ಇನ್ನು ಮುಂದಿದೆ. ಹಕ್ಕಿಗಳು ಲಂಟಾನ ಹಣ್ಣು ತಿಂದು ಮರದಡಿ ಹಿಕ್ಕೆ ಹಾಕುತ್ತವೆ; ಹೊಸ ಸಸಿಗಳು ಏಳುವುದು ಅಲ್ಲೇ, ಜೊತೆಗೆ ನೀರು ಹರಿಯುವ ಕೊರಕಲುಗಳಲ್ಲಿ. ಕನಿಷ್ಠ ಮೂರು ವರ್ಷ, ಪ್ರತಿ ಮಳೆಗಾಲದ ನಡುವೆ ಮತ್ತು ಕೊನೆಗೆ, ಗೇಣುದ್ದ ಇರುವಾಗಲೇ ಕೈಯಲ್ಲಿ ಕಿತ್ತುಬಿಡಿ. ಮೊಳದುದ್ದವಾದರೆ ಮತ್ತೆ ಗುದ್ದಲಿಯೇ ಬೇಕು.