ಗಂಡ ಯುಕೆಯಲ್ಲಿ, ಹೆಂಡತಿ ಬೆಂಗಳೂರಲ್ಲಿ: ವೀಸಾಕ್ಕೆ ಆದಾಯ ತೋರಿಸುವುದು ಹೇಗೆ?

ಯುಗಾದಿ ಮುಗಿದ ವಾರ ನಮ್ಮ ಭಾವ ಮಗಳ ಖಾತೆಗೆ 26 ಲಕ್ಷ ರೂಪಾಯಿ ಹಾಕಿದರು. ಆ ದುಡ್ಡು ಅವಳ ಖಾತೆಯಲ್ಲಿ ಆರು ತಿಂಗಳು ಇರಲೇಬೇಕಿತ್ತು, ಹಾಗಾಗಿ ವೀಸಾ ಅರ್ಜಿ ಹಾಕಿದ್ದು ದಸರಾ ಕಳೆದ ಮೇಲೆ. ಅಷ್ಟು ದಿನ ಅಕ್ಕನ ಮಗಳು ರಾಜಾಜಿನಗರದ ಮನೆಯಲ್ಲಿ, ಅಳಿಯ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ದುಡ್ಡು ಹಾಕಿದಾಗ ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಆ ದುಡ್ಡನ್ನು ನಿಶ್ಚಿತಾರ್ಥದ ಹೊತ್ತಿಗೇ ಹಾಕಿದ್ದರೆ ಇಷ್ಟು ಕಾಯಬೇಕಿರಲಿಲ್ಲ. ಆದರೆ ಆಗ ನಮಗೆ ಸಿಕ್ಕಿದ್ದ ಏಜೆಂಟ್ "ಹುಡುಗಿ ತಂದೆಯ ಎಫ್‌ಡಿ ಕಾಪಿ ಇಟ್ಟರೆ ಸಾಕು" ಎಂದಿದ್ದ, ಮದುವೆ ಓಡಾಟದಲ್ಲಿ ನಾವೂ ನಂಬಿಬಿಟ್ಟೆವು. ಈಗ ಮನೆಯಲ್ಲಿ ಯಾರಾದರೂ ಇದೇ ದಾರಿಯಲ್ಲಿದ್ದರೆ ದಯವಿಟ್ಟು ಮೊದಲೇ ಓದಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇದು ಬ್ರಿಟಿಷ್ ಪೌರತ್ವ ಇರುವವರು ಅಥವಾ ಅಲ್ಲಿ ಕಾಯಂ ನೆಲೆಸುವ ಅನುಮತಿ ಪಡೆದವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವ ವೀಸಾ. ನಿಮ್ಮವರು ಇಲ್ಲಿಂದ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಹೋಗಿದ್ದರೆ ನೀವು ಡಿಪೆಂಡೆಂಟ್. ಅದರ ನಿಯಮ ಬೇರೆ, ಈ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಎಷ್ಟು ಬೇಕು?

ವರ್ಷಕ್ಕೆ 29,000 ಪೌಂಡ್, ತೆರಿಗೆ ಕಳೆಯುವ ಮೊದಲಿನ ಮೊತ್ತ. 2012ರ ಜುಲೈನಿಂದ ಇದು 18,600 ಇತ್ತು, 2024ರ ಏಪ್ರಿಲ್ 11ರಂದು ಒಮ್ಮೆಲೇ ಏರಿತು. ಮುಂದೆ 38,700ರವರೆಗೆ ಏರಿಸುವ ಯೋಚನೆಯೂ ಇತ್ತು, ಅಲ್ಲಿ ಸರ್ಕಾರ ಬದಲಾದ ಮೇಲೆ ಅದನ್ನು ತಡೆಹಿಡಿದರು. ಅರ್ಜಿ ಹಾಕುವ ವಾರ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಈ ಅಂಕಿಯನ್ನು ನೀವೇ ಒಮ್ಮೆ ನೋಡಿಕೊಳ್ಳಿ. ಮೊದಲು ಮಕ್ಕಳಿದ್ದರೆ ಮೊತ್ತ ಜಾಸ್ತಿ ಆಗುತ್ತಿತ್ತು, ಹೊಸ ಅರ್ಜಿಗಳಿಗೆ ಅದು ಈಗ ಇಲ್ಲ. ಅಲ್ಲಿರುವವರಿಗೆ ಅಂಗವೈಕಲ್ಯದ ಕೆಲವು ಸರ್ಕಾರಿ ಭತ್ಯೆಗಳು ಬರುತ್ತಿದ್ದರೆ 29,000ದ ಷರತ್ತೇ ಬೀಳುವುದಿಲ್ಲ, ಬೇರೆ ಸರಳ ಲೆಕ್ಕವಿದೆ.

ಯಾರ ಸಂಬಳ?

ಇಲ್ಲಿಯೇ ನಮ್ಮವರು ಜಾಸ್ತಿ ಎಡವುವುದು. ಮೊದಲ ಸಲ ಭಾರತದಿಂದ ಅರ್ಜಿ ಹಾಕುವಾಗ ಅಲ್ಲಿರುವವರ ಸಂಬಳ ಮಾತ್ರ ಲೆಕ್ಕಕ್ಕೆ. ಹುಡುಗಿಗೆ ವೈಟ್‌ಫೀಲ್ಡಿನಲ್ಲಿ ತಿಂಗಳಿಗೆ ಎರಡು ಲಕ್ಷ ಬರುತ್ತಿದ್ದರೂ ಆ ಪೇಸ್ಲಿಪ್‌ಗೆ ಬೆಲೆ ಇಲ್ಲ. ಆದರೆ ಅವಳ ಉಳಿತಾಯಕ್ಕೆ ಬೆಲೆ ಇದೆ, ಅವಳ ಹೆಸರಿನ ಮನೆಯ ಬಾಡಿಗೆಗೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಅಲ್ಲಿರುವವರು ಒಂದೇ ಕಂಪನಿಯಲ್ಲಿ ಆರು ತಿಂಗಳು ಮುಗಿಸಿದ್ದರೆ ಕ್ಯಾಟಗರಿ ಎ. ಎಲ್ಲಕ್ಕಿಂತ ಸುಲಭದ ದಾರಿ ಇದೇ. ಆರು ತಿಂಗಳ ಪೇಸ್ಲಿಪ್, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ, ಇಷ್ಟು ಬೇಕು. ಆ ಆರು ತಿಂಗಳಲ್ಲಿ ಸಂಬಳ ಬದಲಾಗಿದ್ದರೆ ಅತಿ ಕಡಿಮೆ ಇದ್ದದ್ದನ್ನೇ ಹಿಡಿಯುತ್ತಾರೆ, ಹಾಗಾಗಿ ಹೋದ ತಿಂಗಳು ಇನ್‌ಕ್ರಿಮೆಂಟ್ ಆಗಿ 29,000 ದಾಟಿದೆ ಅಂತ ಈ ತಿಂಗಳು ಅರ್ಜಿ ಹಾಕಬೇಡಿ. ಇತ್ತೀಚೆಗೆ ಕೆಲಸ ಬದಲಿಸಿದ್ದರೆ ಕ್ಯಾಟಗರಿ ಬಿ. ಈಗಿನ ಸಂಬಳವೂ 29,000 ಇರಬೇಕು, ಹಿಂದಿನ 12 ತಿಂಗಳಲ್ಲಿ ನಿಜವಾಗಿ ದುಡಿದ ಸಂಬಳವೂ (ತೆರಿಗೆ ಕಳೆಯುವ ಮೊದಲಿನದು) ಅಷ್ಟಾಗಿರಬೇಕು. ನನ್ನ ಕೇಳಿದರೆ, ಆಗುವುದಾದರೆ ಆರು ತಿಂಗಳು ತುಂಬುವ ತನಕ ಕಾದು ಎ ದಾರಿಯಲ್ಲೇ ಹೋಗಿ. ಸ್ವಂತ ವ್ಯಾಪಾರ ಇರುವವರ ಲೆಕ್ಕ ಅಲ್ಲಿನ ಹಣಕಾಸು ವರ್ಷದ ಮೇಲೆ ನಡೆಯುತ್ತದೆ. ಅವರು ಉಳಿತಾಯವನ್ನು ಅದಕ್ಕೆ ಕೂಡಿಸುವಂತಿಲ್ಲ.

ಕಂಪನಿಯ ಪತ್ರದಲ್ಲಿ "ಇವರು ನಮ್ಮಲ್ಲಿ ಕೆಲಸ ಮಾಡುತ್ತಾರೆ" ಅಂತ ಇದ್ದರೆ ಸಾಲದು. ವರ್ಷದ ಒಟ್ಟು ಸಂಬಳ ಎಷ್ಟು, ಎಷ್ಟು ದಿನದಿಂದ ಕೆಲಸದಲ್ಲಿದ್ದಾರೆ, ಈ ಸಂಬಳ ಯಾವಾಗಿನಿಂದ, ಕೆಲಸ ಕಾಯಮ್ಮೋ ಕಾಂಟ್ರಾಕ್ಟೋ ಏಜೆನ್ಸಿಯದೋ, ಈ ನಾಲ್ಕೂ ಬರಬೇಕು. ಅಳಿಯನಿಗೆ ಮೊದಲು ಕೊಟ್ಟ ಪತ್ರದಲ್ಲಿ ಮೂರನೆಯದು ಇರಲಿಲ್ಲ. ಮತ್ತೆ ಕೇಳಿ ಬರೆಸಿಕೊಂಡ.

ಸಾಲು ಸಾಲು ಹೊಂದಿಸಿ

ಅರ್ಜಿಗೆ ಮೂರು ದಿನ ಮೊದಲು ರಾತ್ರಿ ಊಟ ಆದಮೇಲೆ ನಾನೂ ಅಕ್ಕನ ಮಗಳೂ ಡೈನಿಂಗ್ ಟೇಬಲ್ ಮೇಲೆ ಎಲ್ಲ ಪ್ರಿಂಟ್ ಹರಡಿಕೊಂಡು ಕೂತೆವು. ಎಡಕ್ಕೆ ಪೇಸ್ಲಿಪ್, ಬಲಕ್ಕೆ ಸ್ಟೇಟ್‌ಮೆಂಟ್, ಸಾಲಿನ ಕೆಳಗೆ ಸ್ಟೀಲ್ ಸ್ಕೇಲ್. ಪೇಸ್ಲಿಪ್ಪಿನ ಕೊನೆಯಲ್ಲಿ ಕೈಗೆ ಬಂದ ಮೊತ್ತ ಇರುತ್ತದಲ್ಲ, ಅದೇ ಅಂಕಿ, ಪೆನ್ಸ್ ಸಮೇತ, ಬ್ಯಾಂಕಿನಲ್ಲಿ ಬಿದ್ದಿರಬೇಕು. ಏಪ್ರಿಲ್ ಸರಿ, ಮೇ ಸರಿ, ಜೂನ್ ಸರಿ. ಜುಲೈಯಲ್ಲಿ ಸಂಬಳವೇ ಇಲ್ಲ! "ಚಿಕ್ಕಮ್ಮಾ, ಈ ತಿಂಗಳು ಖಾಲಿ ಇದೆ" ಅಂದಳು, ದನಿ ನಡುಗುತ್ತಿತ್ತು. ಫೋನ್ ಮಾಡಿದಾಗ ಗೊತ್ತಾಯಿತು, ಆ ತಿಂಗಳು ಬ್ಯಾಂಕ್ ಖಾತೆ ಬದಲಾಯಿಸುವಾಗ ಸಂಬಳ ಇನ್ನೊಂದು ಖಾತೆಗೆ ಹೋಗಿತ್ತು. ಆ ಖಾತೆಯ ಸ್ಟೇಟ್‌ಮೆಂಟ್ ತರಿಸಿ ಸೇರಿಸಿದೆವು, ಜೊತೆಗೆ ಏನಾಯಿತು ಅಂತ ನಾಲ್ಕು ಸಾಲು ಬರೆದು ಇಟ್ಟೆವು. ಸುಮ್ನೆ ಫೈಲ್ ಅಪ್‌ಲೋಡ್ ಮಾಡಿಬಿಟ್ಟಿದ್ದರೆ ಆ ಖಾಲಿ ತಿಂಗಳು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇನ್ನೊಂದು, ದಾಖಲೆಗಳಲ್ಲಿ ಇತ್ತೀಚಿನದು ಅರ್ಜಿಯ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು.

ಸಂಬಳ ಸಾಲದಿದ್ದರೆ

ಅಳಿಯನ ಸಂಬಳ 27,200 ಪೌಂಡ್. ಕೊರತೆ 1,800. ಅಷ್ಟೇ ತಾನೆ, ಎರಡು ಲಕ್ಷದ ಮಾತು ಅಂದುಕೊಂಡಿದ್ದೆವು. ಹಾಗಲ್ಲ. ಉಳಿತಾಯದಲ್ಲಿ ಮೊದಲ 16,000 ಪೌಂಡ್ ಲೆಕ್ಕಕ್ಕೇ ಬರುವುದಿಲ್ಲ, ಅದರ ಮೇಲಿರುವುದನ್ನು ಎರಡೂವರೆಯಿಂದ ಭಾಗಿಸುತ್ತಾರೆ. ಅಂದರೆ 1,800 ಗುಣಿಸು 2.5, ಅದು 4,500. ಅದಕ್ಕೆ 16,000 ಕೂಡಿಸಿದರೆ 20,500 ಪೌಂಡ್. ಪೌಂಡಿಗೆ 118 ರೂಪಾಯಿ ಹಿಡಿದರೆ 24 ಲಕ್ಷದ ಮೇಲೆ! ಅಲ್ಲಿರುವವರಿಗೆ ಆದಾಯವೇ ಇಲ್ಲದಿದ್ದರೆ ಪೂರ್ತಿ ಉಳಿತಾಯದಲ್ಲೇ 88,500 ಪೌಂಡ್ ತೋರಿಸಬೇಕಾಗುತ್ತದೆ.

ಈ ಹಣ ಹೆಂಡತಿಯ ಹೆಸರಲ್ಲಿರಬೇಕು, ಇಲ್ಲ ಗಂಡನ ಹೆಸರಲ್ಲಿ, ಇಲ್ಲ ಇಬ್ಬರ ಹೆಸರಲ್ಲಿ. "ನನ್ನ ದುಡ್ಡು ಅವಳದ್ದೇ ಅಲ್ವಾ?" ಅಂತ ಭಾವ ಎಷ್ಟು ಸಲ ಕೇಳಿದರೋ. ಮನೆಯಲ್ಲಿ ಹೌದು, ಅರ್ಜಿಯಲ್ಲಿ ಅಲ್ಲ. ಅಪ್ಪ ಅಮ್ಮ ಕೊಡಬಹುದು, ಆದರೆ ಸಾಲವಾಗಿ ಅಲ್ಲ, ಉಡುಗೊರೆಯಾಗಿ. ಅದನ್ನು ಪತ್ರದಲ್ಲಿ ಬರೆದುಕೊಡಬೇಕು. ಕೊಟ್ಟ ಮೇಲೆ ಆರು ತಿಂಗಳು ಆ ಖಾತೆಯಲ್ಲಿ ಇರಬೇಕು. ನಡುವೆ ಒಂದು ದಿನ ಬ್ಯಾಲೆನ್ಸ್ ಕೆಳಗಿಳಿದರೂ ಆ ಕಡಿಮೆ ಮೊತ್ತವೇ ಲೆಕ್ಕ, ಹಾಗಾಗಿ ಅದೇ ಖಾತೆಯಿಂದ ಯುಪಿಐ ಮಾಡುವುದು ನಿಲ್ಲಿಸಿ. ನಾವು ಬೇರೆ ಖಾತೆಯೇ ತೆರೆಸಿದೆವು.

ಎಫ್‌ಡಿ ನಡೆಯುತ್ತದೆ, ಬೇಕೆಂದಾಗ ಮುರಿಸುವಂತಿದ್ದರೆ. ದಂಡ ಬಿದ್ದರೂ ಪರವಾಗಿಲ್ಲ. ಆದರೆ ಎಫ್‌ಡಿ ಸರ್ಟಿಫಿಕೇಟ್ ಒಂದನ್ನೇ ನಂಬಬೇಡಿ. ಆರು ತಿಂಗಳೂ ಹಣ ಅಲ್ಲೇ ಇತ್ತು ಅಂತ ಕಾಣುವ ಸ್ಟೇಟ್‌ಮೆಂಟನ್ನು ಬ್ರಾಂಚಿಗೆ ಹೋಗಿ ಸೀಲ್ ಹಾಕಿಸಿಕೊಂಡು ಬನ್ನಿ. ರೂಪಾಯಿಯನ್ನು ಪೌಂಡಿಗೆ ಬದಲಿಸುವುದು ಓಆಂಡಾ (OANDA) ಎಂಬ ವೆಬ್‌ಸೈಟಿನಲ್ಲಿ ಅರ್ಜಿಯ ದಿನ ಇರುವ ದರದಲ್ಲಿ. ಪೌಂಡ್ ಏರಿಬಿಟ್ಟರೆ ಮೊತ್ತ ಕಮ್ಮಿಯಾದೀತು, ಅದಕ್ಕೇ ಭಾವನ ಕೈಲಿ 26 ಲಕ್ಷ ಹಾಕಿಸಿದ್ದು.

ಇಲ್ಲಿನ ಮನೆ ಬಾಡಿಗೆ

ಹುಡುಗಿಯ ಹೆಸರಿಗೆ ಮನೆ ಇದ್ದು, ಅದರಲ್ಲಿ ಅವಳು ವಾಸವಿರದೆ ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆ ಸೇರಿಸಬಹುದು. ಹಿಂದಿನ 12 ತಿಂಗಳು ಬಾಡಿಗೆ ಅವಳ ಬ್ಯಾಂಕಿಗೇ ಬಂದಿರಬೇಕು. ನಮ್ಮೂರಲ್ಲಿ ಎಷ್ಟೋ ಮನೆಗಳ ಬಾಡಿಗೆ ಇವತ್ತಿಗೂ ಅಮ್ಮನ ಕೈಗೆ ನಗದಾಗಿ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಭೋಗ್ಯಕ್ಕೆ ಹಾಕಿದ್ದರೆ ತಿಂಗಳ ಆದಾಯವೇ ಇಲ್ಲ. ಮನೆ ಅಣ್ಣನ ಜೊತೆ ಜಂಟಿಯಾಗಿದ್ದರೆ ಅವಳ ಪಾಲು ಮಾತ್ರ. ಕ್ರಯಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಅನುವಾದ ಮಾಡಿಸಿ. ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ, ಇದು ಸರಿಯಾದ ಅನುವಾದ ಎಂಬ ಒಂದು ಸಾಲು, ಇವೆಲ್ಲ ಅದರ ಮೇಲೆ ಇರಲಿ.

ಇಲ್ಲಿಂದ ಸಿಗುವ ವೀಸಾ 33 ತಿಂಗಳದ್ದು. ಅದು ಮುಗಿಯುವ ಮೊದಲು ಅಲ್ಲೇ ಮತ್ತೆ ಅರ್ಜಿ, ಮತ್ತೆ ಆದಾಯದ ಲೆಕ್ಕ. ಆಗ ಅವಳು ಅಲ್ಲಿ ದುಡಿದ ಸಂಬಳವೂ ಗಂಡನ ಸಂಬಳದ ಜೊತೆ ಸೇರುತ್ತದೆ. ಅವಳಿಗೆ ವೀಸಾ ಬಂದ ದಿನವೇ ಹೇಳಿಬಿಟ್ಟೆ, "ಮೊದಲ ಪೇಸ್ಲಿಪ್ಪಿನಿಂದಲೇ ಒಂದು ಫೈಲ್ ಮಾಡಿಡು ಕಣೇ."