ಕಾಲರ್ ಮೈಕಿಗೆ ಯಾವ ಸೆಲ್ ಹಾಕಬೇಕು: ನನ್ನ ಅನುಭವ

ಇಳಕಲ್‌ನಲ್ಲಿ ಒಬ್ಬ ಹಿರಿಯ ನೇಕಾರರ ಸಂದರ್ಶನ ನಡೆದಿತ್ತು. ಮಗ್ಗದ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದರು. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಕೆಲಸ ಇಷ್ಟು ವರ್ಷ ತಮ್ಮ ಹೆಂಡತಿಯೇ ಮಾಡುತ್ತಿದ್ದರು ಅಂತ ಹೇಳಿದರು. ಹೇಳುತ್ತಾ ದನಿ ಸಣ್ಣದಾಯಿತು. ಅಷ್ಟರಲ್ಲಿ ನನ್ನ ಹೆಡ್‌ಫೋನಿನಲ್ಲಿ ಟಪ್ ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ. ಕಾಲರ್ ಮೈಕಿನ ದನಿಯನ್ನು ವೈರ್ ಇಲ್ಲದೆ ನನಗೆ ಕಳಿಸುವ ಡಬ್ಬಿ, ಅಂದರೆ ಅವರ ಸೊಂಟದಲ್ಲಿದ್ದ ಟ್ರಾನ್ಸ್‌ಮಿಟರಿನ ಲೈಟ್ ಆರಿಹೋಗಿತ್ತು.

ಸೆಲ್ ಬದಲಿಸಿ, "ಇನ್ನೊಮ್ಮೆ ಹೇಳ್ತೀರಾ?" ಅಂತ ಕೇಳಿದೆವು. ಪಾಪ, ಹೇಳಿದರು. ಆದರೆ ಅದು ಪಾಠ ಒಪ್ಪಿಸಿದ ಹಾಗಿತ್ತು. ಮೊದಲು ಹೇಳಿದ ಮಾತು ಈಗ ಕ್ಯಾಮೆರಾದ ಮೈಕಿನಲ್ಲಿ, ಪಕ್ಕದ ಮನೆಯ ಮಗ್ಗದ ಸದ್ದಿನ ಹಿಂದೆ ಎಲ್ಲೋ ಇದೆ.

ಆ ಸೆಲ್‌ಗಳ ಮೇಲೆ 2700 ಎಂಎಎಚ್ ಅಂತ ದೊಡ್ಡದಾಗಿ ಬರೆದಿತ್ತು. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ ಅದು. ದೊಡ್ಡ ನಂಬರ್ ಅಂದರೆ ಜಾಸ್ತಿ ಹೊತ್ತು ಬರುತ್ತದೆ ಅಂತ ನಂಬಿ ತಗೊಂಡಿದ್ದೆ. ಬೆಂಗಳೂರಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಬ್ಯಾಗಿಗೆ ಹಾಕಿಕೊಂಡು ಹೊರಟು ಎರಡು ವಾರವಾಗಿತ್ತು. ಏಪ್ರಿಲ್ ತಿಂಗಳು. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬ್ಯಾಗ್. ಹಳೇ ಕಾಲದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಸುಮ್ನೆ ಇಟ್ಟರೂ ಖಾಲಿಯಾಗುತ್ತಾ ಹೋಗುತ್ತದೆ. ಸೆಖೆ ಇದ್ದರೆ ಇನ್ನೂ ಬೇಗ. ತೂತಿನ ಕೊಡದಲ್ಲಿ ನೀರು ತುಂಬಿಟ್ಟ ಹಾಗೆ. ಕೊಡ ಎಷ್ಟು ದೊಡ್ಡದಿದ್ದರೇನು?

ಅವತ್ತು ರಾತ್ರಿ ಲಾಡ್ಜಿನಲ್ಲಿ ಕೂತು ಯೋಚನೆ ಮಾಡಿದೆ. ಒಮ್ಮೆ ಬಳಸಿ ಬಿಸಾಡುವ ಆಲ್ಕಲೈನ್ ಸೆಲ್‌ಗೇ ಮತ್ತೆ ಹೋಗಿಬಿಡಲಾ? ಲೆಕ್ಕ ಹಾಕಿದೆ. ನನ್ನ ಹತ್ತಿರ ನಾಲ್ಕು ಟ್ರಾನ್ಸ್‌ಮಿಟರ್. ಒಂದಕ್ಕೆ ಎಎ ಸೈಜಿನ ಎರಡು ಪೆನ್ಸಿಲ್ ಸೆಲ್. ದಿನಕ್ಕೆ ಎರಡು ಸಲ ಬದಲಿಸಿದರೆ 16. ಇಪ್ಪತ್ತು ದಿನದ ಶೂಟಿಂಗಿಗೆ 320 ಸೆಲ್. ದುಡ್ಡಿನ ಮಾತು ಬಿಡಿ, ಅಷ್ಟು ಸತ್ತ ಸೆಲ್‌ಗಳನ್ನು ಯಾವ ಊರಿನ ತಿಪ್ಪೆಗೆ ಸುರಿಯುವುದು? ನನಗೆ ಮನಸ್ಸು ಒಪ್ಪಲಿಲ್ಲ.

ಊರಿಗೆ ಬಂದ ಮೇಲೆ ಎನೆಲೂಪ್ ಅನ್ನುವ ಬಿಳಿ ಬಣ್ಣದ ಸೆಲ್ ತಗೊಂಡೆ. ಇದೂ ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ. ಇದನ್ನು 2005ರಲ್ಲಿ ಸಾನ್ಯೋ ಕಂಪನಿ ತಂದಿದ್ದು, ಈಗ ಪ್ಯಾನಸಾನಿಕ್ ಹೆಸರಲ್ಲಿ ಬರುತ್ತದೆ. 2000 ಎಂಎಎಚ್. ಕಡಿಮೆ ಅಂದರೂ 1900 ಸಿಗುತ್ತದೆ ಅಂತ ಸೆಲ್ ಮೇಲೇ ಬರೆದಿರುತ್ತಾರೆ. ಇದರ ಗುಣ ಅಂದರೆ ಸೋರಿಕೆ ಬಹಳ ಕಡಿಮೆ. ತಿಂಗಳುಗಟ್ಟಲೆ ಇಟ್ಟು ತೆಗೆದರೂ ಚಾರ್ಜ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬೇರೆ ಕಂಪನಿಗಳಲ್ಲೂ ಇದೇ ಥರದ್ದು ಬರುತ್ತವೆ. 'ರೆಡಿ ಟು ಯೂಸ್', 'ಪ್ರೀ ಚಾರ್ಜ್ಡ್' ಅಂತ ಬರೆದಿದ್ದರೆ ಸಾಮಾನ್ಯವಾಗಿ ಈ ಜಾತಿಯದ್ದೇ.

ಇದರಲ್ಲೇ ಕಪ್ಪು ಬಣ್ಣದ್ದು 2500ರದ್ದು ಸಿಗುತ್ತದಲ್ವಾ, ಅದನ್ನೇಕೆ ತಗೊಳ್ಳಲಿಲ್ಲ ಅಂತ ಕೇಳುತ್ತಾರೆ. ಒಂದು ಜೊತೆ ತಗೊಂಡು ನೋಡಿದೆ. ಸಮಯ ನಿಜವಾಗಲೂ ಜಾಸ್ತಿ ಬರುತ್ತದೆ. ಆದರೆ ಕಂಪನಿಯ ಲೆಕ್ಕದಲ್ಲೇ ಬಿಳಿಯದ್ದನ್ನು 2100 ಸಲ ಚಾರ್ಜ್ ಮಾಡಬಹುದು, ಕಪ್ಪಿನದ್ದನ್ನು 500 ಸಲ. ನನ್ನಂಥವರು ದಿನಾ ಬಳಸುತ್ತೇವೆ. ಊಟದ ಬಿಡುವಿನಲ್ಲಿ ಹೇಗೂ ಸೆಲ್ ಬದಲಿಸುತ್ತೇವೆ. ಹಾಗಾಗಿ ನನಗೆ ಬಿಳಿಯದ್ದೇ ಸರಿ.

ಇನ್ನು ವೋಲ್ಟೇಜ್ ವಿಷಯ. ಇಳಕಲ್‌ನಲ್ಲಿ ನನಗೆ ಎಡವಟ್ಟಾಗಿದ್ದು ಅರ್ಧ ಇದರಿಂದಲೇ. ಆಲ್ಕಲೈನ್ ಸೆಲ್ 1.5 ವೋಲ್ಟಿನಲ್ಲಿ ಶುರುವಾಗಿ, ಆಗುಂಬೆ ಘಾಟಿ ಇಳಿದ ಹಾಗೆ ತಿರುವು ತಿರುವಾಗಿ ಇಳಿಯುತ್ತದೆ. ನಿಕಲ್ ಸೆಲ್ ಹಾಗಲ್ಲ. ಬಯಲುಸೀಮೆ ರಸ್ತೆಯ ಹಾಗೆ 1.2 ವೋಲ್ಟಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಸಪಾಟಾಗಿ ಹೋಗುತ್ತದೆ. ಕೊನೆಗೆ ಒಮ್ಮೆಲೇ ಬಾವಿಗೆ ಬಿದ್ದ ಹಾಗೆ ಬೀಳುತ್ತದೆ. ಚಾರ್ಜ್ ಎಷ್ಟಿದೆ ಅಂತ ತೋರಿಸುವ ಟ್ರಾನ್ಸ್‌ಮಿಟರಿನ ಗೆರೆಗಳು ಆಲ್ಕಲೈನ್ ಲೆಕ್ಕಕ್ಕೆ ಹಾಕಿದ್ದಾದರೆ, ನಿಕಲ್ ಸೆಲ್ ಹಾಕಿದಾಗ ಬಹಳ ಹೊತ್ತು ಎರಡೇ ಗೆರೆ ತೋರಿಸಿ, ಆಮೇಲೆ ಕೆಲವೇ ನಿಮಿಷದಲ್ಲಿ ಸತ್ತುಹೋಗುತ್ತದೆ. ನನ್ನದೂ ಹಾಗೇ ಎರಡು ಗೆರೆ ತೋರಿಸುತ್ತಿತ್ತು. ಈಗಿನ ಎಷ್ಟೋ ಟ್ರಾನ್ಸ್‌ಮಿಟರ್, ರೆಕಾರ್ಡರ್‌ಗಳ ಮೆನುವಿನಲ್ಲಿ ಯಾವ ಥರದ ಸೆಲ್ ಅಂತ ಆರಿಸುವ ಜಾಗ ಇರುತ್ತದೆ. ಜೂಮ್ ಕಂಪನಿಯ ರೆಕಾರ್ಡರ್‌ನಲ್ಲೂ ಇದೆ. ದಯವಿಟ್ಟು ಅದನ್ನು ಮೊದಲು ಸರಿ ಮಾಡಿ.

ಆದರೂ ಈಗ ನಾನು ಗೆರೆ ನೋಡುವುದಿಲ್ಲ, ಗಡಿಯಾರ ನೋಡುತ್ತೇನೆ. ಒಂದು ಭಾನುವಾರ ಮನೆಯಲ್ಲಿ ನಾಲ್ಕೂ ಟ್ರಾನ್ಸ್‌ಮಿಟರಿಗೆ ಪೂರ್ತಿ ಚಾರ್ಜ್ ಆದ ಸೆಲ್ ಹಾಕಿ, ಮೈಕುಗಳನ್ನು ರೇಡಿಯೋ ಮುಂದೆ ಇಟ್ಟು, ಯಾವುದು ಯಾವಾಗ ನಿಲ್ಲುತ್ತದೆ ಅಂತ ಬರೆದುಕೊಂಡೆ. ಮೂರು ಟ್ರಾನ್ಸ್‌ಮಿಟರ್ ಏಳು ಗಂಟೆ ದಾಟಿದವು. ಒಂದು ಆರು ಗಂಟೆಗೇ ನಿಂತಿತು. ಸೆಲ್ ಅದಲುಬದಲು ಮಾಡಿ ನೋಡಿದರೂ ಅದೇ ಟ್ರಾನ್ಸ್‌ಮಿಟರ್ ಮೊದಲು ನಿಲ್ಲುತ್ತಿತ್ತು. ಅಂದರೆ ಸೆಲ್‌ದಲ್ಲ, ಅದರದ್ದೇ ಹಸಿವು ಜಾಸ್ತಿ. ಅದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ.

ಹೊನ್ನಾವರದ ಕಡೆ ರಾತ್ರಿಯಿಡೀ ನಡೆಯುವ ಯಕ್ಷಗಾನ ಒಂದನ್ನು ರೆಕಾರ್ಡ್ ಮಾಡುವಾಗ ಈ ಪಟ್ಟಿ ಕೈ ಹಿಡಿಯಿತು. ಒಬ್ಬ ವೇಷಧಾರಿಯ ಮೈಮೇಲೆ ಕಾಲರ್ ಮೈಕ್ ಬೇಕಿತ್ತು. ಚೌಕಿಯಲ್ಲಿ ವೇಷ ಕಟ್ಟಿದ ಮೇಲೆ ಸೊಂಟದ ಟ್ರಾನ್ಸ್‌ಮಿಟರ್ ಕೈಗೆ ಸಿಗುವುದೇ ಇಲ್ಲ. ಮುಟ್ಟಬೇಕೆಂದರೆ ಕಟ್ಟಿದ್ದೆಲ್ಲ ಬಿಚ್ಚಬೇಕು. ವೇಷ ಕಟ್ಟುವ ಮುಂಚೆ ಒಂದು ಸಲ ಹಾಕಿದ್ದು, ಅವರ ಪಾತ್ರ ಮುಗಿದು ವೇಷ ಬಿಚ್ಚುವ ತನಕ ಬಂತು. ಬಿಚ್ಚಿದಾಗ ಟ್ರಾನ್ಸ್‌ಮಿಟರ್ ಬೆವರಿನಲ್ಲಿ ತೊಯ್ದಿತ್ತು. ಬೆವರಿನ ಉಪ್ಪು ಸೆಲ್ ಕೂರುವ ಸ್ಪ್ರಿಂಗಿಗೆ ಹತ್ತಿದರೆ ಹಸಿರು ಕಿಲುಬು ಬರುತ್ತದೆ. ಆಮೇಲೆ ಸೆಲ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಅಲ್ಲೇ ಕೂತು ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿದೆ.

ಸೆಲ್‌ಗಳನ್ನು ನಾನು ಯಾವತ್ತೂ ಜೋಡಿ ತಪ್ಪಿಸುವುದಿಲ್ಲ. ತಂದ ದಿನವೇ 1ಎ, 1ಬಿ ಅಂತ ಬರೆದು, ತಿಂಗಳು ವರ್ಷ ಹಾಕುತ್ತೇನೆ. ಇದು ನೊಗಕ್ಕೆ ಕಟ್ಟಿದ ಎತ್ತಿನ ಜೋಡಿ ಇದ್ದ ಹಾಗೆ. ಒಂದು ಸೋತರೆ ಇನ್ನೊಂದು ಅದನ್ನೂ ಎಳೆದುಕೊಂಡು ಹೋಗುತ್ತದೆ. ಪೂರ್ತಿ ಖಾಲಿಯಾದ ಸೆಲ್‌ನಲ್ಲಿ ಜೊತೆಯದ್ದು ಕರೆಂಟ್ ಹರಿಸುತ್ತಲೇ ಇದ್ದರೆ, ಪ್ಲಸ್ ಮೈನಸ್ ಉಲ್ಟಾ ಆಗಿ ಅದು ಕೆಟ್ಟೇ ಹೋಗುತ್ತದೆ.

ಚಾರ್ಜರ್‌ಗೆ ಹೊಸಬರು ದುಡ್ಡು ಹಾಕಲು ಹಿಂದೆಮುಂದೆ ನೋಡುತ್ತಾರೆ. ನನ್ನ ಮಾತು ಕೇಳಿ, ಸೆಲ್ ಎರಡು ಕಡಿಮೆ ತಗೊಂಡರೂ ಪರವಾಗಿಲ್ಲ, ಚಾರ್ಜರ್ ಒಳ್ಳೇದು ತಗೊಳ್ಳಿ. ಅಗ್ಗದವು ಎರಡೆರಡು ಸೆಲ್ ಸೇರಿಸಿ, ಬರೀ ಟೈಮರ್ ಮೇಲೆ ಚಾರ್ಜ್ ಮಾಡುತ್ತವೆ. ಒಂದು ತುಂಬಿ ಬಿಸಿಯಾಗುತ್ತದೆ, ಇನ್ನೊಂದು ಅರೆಹೊಟ್ಟೆ. ಪ್ರತಿ ಸೆಲ್‌ಗೂ ಬೇರೆ ಲೆಕ್ಕ ಇಡುವ ಚಾರ್ಜರ್ ಬೇಕು. ನಿಕಲ್ ಸೆಲ್ ತುಂಬಿದಾಗ ಅದರ ವೋಲ್ಟೇಜ್ ಒಂದು ಕೂದಲೆಳೆಯಷ್ಟು ಇಳಿಯುತ್ತದೆ. ಅದನ್ನು ಗುರುತಿಸಿ ಚಾರ್ಜರ್ ನಿಲ್ಲಿಸುತ್ತದೆ. ಕರೆಂಟ್ ತೀರಾ ಕಡಿಮೆ ಇಟ್ಟರೆ ಆ ಇಳಿತ ಗೊತ್ತಾಗುವುದೇ ಇಲ್ಲ, ತೀರಾ ಜಾಸ್ತಿ ಇಟ್ಟರೆ ಸೆಲ್ ಬಿಸಿಯಾಗುತ್ತದೆ. 2000ದ ಸೆಲ್‌ಗೆ ನಾನು 700 ಮಿಲಿಆಂಪ್ ಇಡುತ್ತೇನೆ.

ಯುಎಸ್‌ಬಿ ಕೇಬಲ್ ಚುಚ್ಚಿ ಚಾರ್ಜ್ ಮಾಡುವ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ ಈಗ ಎಲ್ಲ ಕಡೆ ಸಿಗುತ್ತವೆ. ಅದರೊಳಗೆ ಇರುವುದು 3.7 ವೋಲ್ಟಿನ ಲಿಥಿಯಂ ಸೆಲ್, ಅದನ್ನು 1.5ಕ್ಕೆ ಇಳಿಸಲು ಒಂದು ಸಣ್ಣ ಸರ್ಕಿಟ್. ಕೊನೆಯ ಗಳಿಗೆಯ ತನಕ ಫುಲ್ ಅಂತಲೇ ತೋರಿಸಿ ಆಮೇಲೆ ಆಫ್. ನನಗೆ ಅದಕ್ಕಿಂತ ದೊಡ್ಡ ತೊಂದರೆ ಆಗಿದ್ದು ಆ ಸರ್ಕಿಟ್‌ನಿಂದ. ಸರ್ಕಿಟ್ ರೇಡಿಯೋ ಗದ್ದಲ ಎಬ್ಬಿಸುತ್ತದೆ, ಟ್ರಾನ್ಸ್‌ಮಿಟರಿನ ಆಂಟೆನಾ ಅಲ್ಲೇ ಒತ್ತಿಗೆ ಇರುತ್ತದೆ. ಮನೆ ಮುಂದಿನ ರಸ್ತೆಯಲ್ಲಿ ಗೆಳೆಯನನ್ನು ನಡೆಸಿ ನೋಡಿದೆ. ನಿಕಲ್ ಸೆಲ್ ಇದ್ದಾಗ ಮೂಲೆ ಅಂಗಡಿ ತನಕ ದನಿ ಸ್ವಚ್ಛ. ಈ ಸೆಲ್ ಹಾಕಿದಾಗ ಅರ್ಧ ದಾರಿಗೇ ಚರಚರ. ಎಲ್ಲ ಕಂಪನಿಯದ್ದೂ ಹೀಗೇ ಅಂತ ಹೇಳಲಾರೆ. ತಗೊಂಡರೆ ಕೆಲಸಕ್ಕೆ ಮುಂಚೆ ಹೀಗೆ ನಡೆದು ನೋಡಿ.

ಹಳೇ ಹ್ಯಾಂಡ್ ಮೈಕಿಗೆ ಚಾರ್ಜ್ ಮಾಡುವ ಚೌಕದ ನೈನ್ ವೋಲ್ಟ್ ಬ್ಯಾಟರಿ ಬೇಕಾದರೆ, ಒಳಗೆ ಏಳು ಸೆಲ್ ಇರುವ 8.4 ವೋಲ್ಟಿನದ್ದೇ ಕೇಳಿ ತಗೊಳ್ಳಿ. ಆರು ಸೆಲ್‌ನ 7.2 ವೋಲ್ಟಿನದ್ದು ಹಾಕಿದರೆ ಎಷ್ಟೋ ಮೈಕು ಶುರುವಿನಲ್ಲೇ ಬ್ಯಾಟರಿ ಕಡಿಮೆ ಅಂತ ಕೆಂಪು ದೀಪ ಹಾಕುತ್ತವೆ.

ವರ್ಷಕ್ಕೆರಡು ಸಲ ಎಲ್ಲ ಜೋಡಿಗಳನ್ನೂ ಚಾರ್ಜರಿನಲ್ಲಿ ಖಾಲಿ ಮಾಡಿಸಿ, ಎಷ್ಟು ಎಂಎಎಚ್ ಉಳಿದಿದೆ ಅಂತ ಅಳೆಯುತ್ತೇನೆ. 1600ಕ್ಕಿಂತ ಕೆಳಗೆ ಬಂದ ಜೋಡಿ ಮೈಕಿಗೆ ಹೋಗುವುದಿಲ್ಲ. ಮೊದಲು ತಂದ ಎಂಟು ಜೋಡಿಯಲ್ಲಿ ಐದು ಇನ್ನೂ ದುಡಿಯುತ್ತಿವೆ. ಎರಡು ಜೋಡಿ ಟಾರ್ಚಿಗೆ ಹೋದವು. ಒಂದು ಜೋಡಿ ಮಗಳ ಆಟದ ರೈಲಿನಲ್ಲಿದೆ.