ವಿದ್ಯುತ್ ತಂತಿಯ ಪಕ್ಕದಲ್ಲಿ ಮನೆ ಕಟ್ಟುವಾಗ ಅಂತರ ಕಾಯ್ದುಕೊಳ್ಳುವುದು ಹೇಗೆ?

ನಿವೇಶನದ ಮುಂದೆ ಅಥವಾ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ, ನಕ್ಷೆ ಬರೆಸುವ ಮೊದಲೇ ಅದರ ಲೆಕ್ಕ ಮುಗಿಯಬೇಕು. ಪಾಯ ತೆಗೆಯುವಾಗ ದೂರದಲ್ಲಿರುವಂತೆ ಕಾಣುವ ತಂತಿ, ಮೊದಲ ಮಹಡಿಯ ಬಾಲ್ಕನಿಯನ್ನು ರಸ್ತೆಯ ಕಡೆಗೆ ಮೂರು ಅಡಿ ಚಾಚಿದೊಡನೆ ಕೈಗೆಟಕುವಷ್ಟು ಹತ್ತಿರವಾಗುತ್ತದೆ.

ಮೊದಲು ತಂತಿ ಯಾವ ವೋಲ್ಟೇಜಿನದೆಂದು ತಿಳಿಯಿರಿ. ಕಂಬದ ತುದಿಯಲ್ಲಿ ದೊಡ್ಡ ಪಿಂಗಾಣಿ ಇನ್ಸುಲೇಟರ್‌ಗಳ ಮೇಲೆ ಮೂರು ತಂತಿಗಳಿದ್ದರೆ ಅದು ಸಾಮಾನ್ಯವಾಗಿ 11 ಕೆ.ವಿ. (11,000 ವೋಲ್ಟ್) ಮಾರ್ಗ, ಅದೇ ಕಂಬದಲ್ಲಿ ಕೆಳಗೆ ಮನೆಗಳಿಗೆ ಹೋಗುವ ಎಲ್.ಟಿ. (ಕಡಿಮೆ ವೋಲ್ಟೇಜಿನ) ತಂತಿಗಳೂ ಇರಬಹುದು. ನೋಟದ ಊಹೆಯನ್ನೇ ನಂಬದೆ, ನಿಮ್ಮ ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿಯ) ಶಾಖಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ, 650 ವೋಲ್ಟ್‌ವರೆಗಿನ ತಂತಿಗೂ ಕಟ್ಟಡಕ್ಕೂ ನಡುವೆ ಮೇಲ್ಮುಖವಾಗಿ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರವಿರಬೇಕು. 11 ಕೆ.ವಿ.ಗೆ ಇದು 3.7 ಮತ್ತು 1.2 ಮೀಟರ್, 33 ಕೆ.ವಿ.ಗೆ 3.7 ಮತ್ತು 2 ಮೀಟರ್. ಇವು ಕನಿಷ್ಠ ಅಂತರಗಳಾದ್ದರಿಂದ ಅಂಚಿಗೆ ತಂದು ನಿಲ್ಲಿಸುವುದು ಜಾಣತನವಲ್ಲ. ಗೋಪುರಗಳ ಮೇಲೆ ಸಾಗುವ ಪ್ರಸರಣ ಮಾರ್ಗಗಳಿಗೆ ಬೇರೆಯೇ ಕಾರಿಡಾರ್ (ಕಟ್ಟಡವಿಲ್ಲದೆ ಬಿಡಬೇಕಾದ ಪಟ್ಟಿ) ನಿಗದಿಯಾಗಿರುತ್ತದೆ. ಅಂಥಲ್ಲಿ ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಕಚೇರಿಯಲ್ಲಿ ವಿಚಾರಿಸದೆ ನಿವೇಶನವನ್ನೇ ಕೊಳ್ಳಬಾರದು.

ಅಳತೆಯನ್ನು ಗೋಡೆಯಿಂದಲ್ಲ, ಮುಗಿದ ಮನೆಯ ಅತಿ ಹೊರಗಿನ ಅಂಚಿನಿಂದ, ಅಂದರೆ ಬಾಲ್ಕನಿಯ ಗ್ರಿಲ್, ಸಜ್ಜಾ, ತಾರಸಿಯ ಶೀಟು ಇವುಗಳಿಂದ ತೆಗೆಯಬೇಕು. ಬಿಸಿಲು ಮತ್ತು ಲೋಡ್ ಹೆಚ್ಚಿದಾಗ ತಂತಿ ಜೋಲುತ್ತದೆ, ಗಾಳಿಗೆ ಪಕ್ಕಕ್ಕೆ ತೂಗುತ್ತದೆ. ನಿಯಮದ ಅಂತರವನ್ನು ಲೆಕ್ಕ ಹಾಕುವುದು ಈ ಗರಿಷ್ಠ ಜೋಲು ಮತ್ತು ತೂಗಾಟದ ಸ್ಥಿತಿಗೇ. ಟೇಪು, ಗಳ, ಕಂಬಿ ಯಾವುದನ್ನೂ ತಂತಿಯತ್ತ ಚಾಚದಿರಿ. ಮನೆಯ ಕಡೆಗಿರುವ ತಂತಿಯ ನೇರ ಕೆಳಗೆ ನೆಲದಲ್ಲಿ ಗುರುತು ಮಾಡಿ, ಪಕ್ಕದ ಅಂತರವನ್ನು ನೆಲದ ಮೇಲೆಯೇ ಅಳೆದು, ಎತ್ತರದ ಅಳತೆಯನ್ನು ಎಸ್ಕಾಂ ಸಿಬ್ಬಂದಿಗೆ ಬಿಡಿ.

ಅಂತರ ಸಾಲದಿದ್ದರೆ, ಕಟ್ಟಡವನ್ನೂ ನಿರ್ಮಾಣ ಕಾಲದ ಸಾರುವೆಯನ್ನೂ ತೋರಿಸುವ ಅಳತೆಬದ್ಧ ನಕ್ಷೆಯೊಂದಿಗೆ ಎಸ್ಕಾಂಗೆ ಮತ್ತು ವಿದ್ಯುತ್ ಪರಿವೀಕ್ಷಕರಿಗೆ ಲಿಖಿತ ಅರ್ಜಿ ಕೊಡಿ. ಮಾರ್ಗ ಸ್ಥಳಾಂತರದ ವೆಚ್ಚ ಅರ್ಜಿದಾರರದೇ. ಅದು ಹೊರೆಯೆನಿಸಿದರೆ ಬಾಲ್ಕನಿಯನ್ನು ಒಳಕ್ಕೆ ಎಳೆಯುವುದೇ ಅಗ್ಗದ ದಾರಿ. ತಂತಿಗೆ ಸೀಳಿದ ಪಿವಿಸಿ ಪೈಪು ತೊಡಿಸಿ ಸಮಾಧಾನಪಟ್ಟುಕೊಳ್ಳುವ ರೂಢಿಯನ್ನು ಮಾತ್ರ ದಯವಿಟ್ಟು ಅನುಸರಿಸಬೇಡಿ, ಏಕೆಂದರೆ ಅದು ಅಂತರಕ್ಕೆ ಬದಲಿಯಲ್ಲ.

ನಿರ್ಮಾಣದ ದಿನಗಳಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಕಂಬಿ ಏರಿಸುವಾಗ. ಪೂರ್ಣ ಉದ್ದದ ಕಂಬಿ ಸುಮಾರು 12 ಮೀಟರ್ ಇರುತ್ತದೆ. ಮೇಲಿನವನು ಹಿಡಿದು ತಿರುಗಿಸುವಷ್ಟರಲ್ಲಿ ಅದರ ಇನ್ನೊಂದು ತುದಿ ರಸ್ತೆಯ ಮೇಲೆ ಹಾದು ತಂತಿಗೆ ತಗಲಬಹುದು. ಕಂಬಿಯನ್ನು ಕೆಳಗೇ ಕತ್ತರಿಸಿ, ತಂತಿಯಿಲ್ಲದ ಬದಿಯಿಂದ ಏರಿಸಬೇಕು. ತಂತಿಯ ಬದಿಯ ಗಾರೆ ಮತ್ತು ಬಣ್ಣದ ಕೆಲಸಕ್ಕೆ ಎಸ್ಕಾಂನಿಂದ ಮುಂಚಿತವಾಗಿ ವಿದ್ಯುತ್ ನಿಲುಗಡೆ ಕೇಳಿ, ಲೈನ್‌ಮನ್ ಬಂದು ಖಚಿತಪಡಿಸಿದ ಮೇಲೆಯೇ ಸಾರುವೆ ಹತ್ತಿಸಿ. ಯಾರಿಗಾದರೂ ಆಘಾತ ತಗಲಿದರೆ ಅವರನ್ನಾಗಲಿ ಕಂಬಿಯನ್ನಾಗಲಿ ಮುಟ್ಟದೆ, ದೂರ ನಿಂತು ಕೂಡಲೇ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ವಿದ್ಯುತ್ ಕಡಿತಗೊಳಿಸಲು ಹೇಳಿ.